ಆರನೆಯ ಮಹಡಿಯ ಕ್ಯಾಟ್ 6ಎ ಲಿಂಕ್ ನಿಲ್ಲುತ್ತಿಲ್ಲ: ಬ್ಯಾಕ್‌ಬೋನ್ ಯೋಜನೆ ಬದಲಿಸಬೇಕೇ?

ಪ್ರಶ್ನೆ ಕೇಳಿದವರು:
ನಮಸ್ಕಾರ. ಆರು ಮಹಡಿಗಳ ಕಚೇರಿ ಕಟ್ಟಡಕ್ಕೆ ಹೊಸ ಬ್ಯಾಕ್‌ಬೋನ್ ಕೇಬಲ್ (ಮಹಡಿಗಳ ನೆಟ್‌ವರ್ಕ್‌ಗಳನ್ನು ಜೋಡಿಸುವ ಮುಖ್ಯ ಕೇಬಲ್) ಎಳೆಯುವ ಹೊಣೆ ನನ್ನ ಮೇಲಿದೆ. ಈಗ ಒಂದು ಮಹಡಿಯ ನೆಟ್‌ವರ್ಕ್ ಸ್ವಿಚ್‌ನಿಂದ ಅದರ ಮೇಲಿನ ಮಹಡಿಯ ಸ್ವಿಚ್‌ಗೆ ಸರಪಳಿಯಂತೆ ಜೋಡಿಸಿದ್ದಾರೆ. ಮೂರನೆಯ ಮಹಡಿಯಲ್ಲಿ ವಿದ್ಯುತ್ ಹೋದರೆ ಮೇಲಿನವರೆಲ್ಲರ ಕೆಲಸ ನಿಲ್ಲುತ್ತದೆ. ಅದಕ್ಕಾಗಿ ನೆಲಮಹಡಿಯ ಮುಖ್ಯ ರ್ಯಾಕ್‌ನಿಂದ ಪ್ರತಿ ಮಹಡಿಗೂ ನೇರವಾಗಿ ಕ್ಯಾಟ್ 6ಎ ತಾಮ್ರದ ಕೇಬಲ್ ಎಳೆಯಲು ಯೋಚಿಸಿದೆ. ಎತ್ತರ ಬರೀ 21 ಮೀಟರ್. ಪರೀಕ್ಷೆಗೆಂದು ಆರನೆಯ ಮಹಡಿಗೆ ಒಂದು ಕೇಬಲ್ ಎಳೆದೆವು. 10 ಗಿಗಾಬಿಟ್‌ನಲ್ಲಿ ಲಿಂಕ್ ಬರುತ್ತದೆ, ಸ್ವಲ್ಪ ಹೊತ್ತಿಗೇ ಬೀಳುತ್ತದೆ. ಎರಡೂ ತುದಿಯ ಕನೆಕ್ಟರ್‌ಗಳನ್ನು ಹೊಸದಾಗಿ ಹಾಕಿಸಿದರೂ ಅದೇ ಕಥೆ.

ಉತ್ತರ:
ಪ್ರತಿ ಮಹಡಿಗೂ ನೇರ ಕೇಬಲ್ ಎಂಬ ನಿಮ್ಮ ನಿರ್ಧಾರ ಸರಿಯಾಗಿದೆ, ಅದನ್ನು ಬಿಡಬೇಡಿ. ಆದರೆ ಎತ್ತರವನ್ನು ನಂಬಬೇಡಿ. ಕೇಬಲ್ ಹೊದಿಕೆಯ ಮೇಲೆ ಮೀಟರ್ ಗುರುತುಗಳು ಅಚ್ಚಾಗಿರುತ್ತವೆ. ಎರಡೂ ತುದಿಯ ಅಂಕಿಗಳನ್ನು ಓದಿ, ಒಂದರಿಂದ ಇನ್ನೊಂದನ್ನು ಕಳೆದು ಹೇಳಿ.

ಪ್ರಶ್ನೆ ಕೇಳಿದವರು:
ಒಂದು ತುದಿಯಲ್ಲಿ 295, ಇನ್ನೊಂದರಲ್ಲಿ 412. ಅಂದರೆ 117 ಮೀಟರ್! ರೈಸರ್ (ಮಹಡಿಗಳ ನಡುವೆ ಕೇಬಲ್ ಏರುವ ದಾರಿ) ಕಟ್ಟಡದ ಆ ಮೂಲೆಯಲ್ಲಿದೆ, ನಮ್ಮ ಎರಡೂ ರ್ಯಾಕ್‌ಗಳು ಈ ಮೂಲೆಯಲ್ಲಿವೆ. ಅಡ್ಡ ಟ್ರೇಗಳಲ್ಲೇ ಬಹುಪಾಲು ಹೋಗಿದೆ.

ಉತ್ತರ:
ಸಮಸ್ಯೆ ಅಲ್ಲೇ ಇದೆ. ತಾಮ್ರದ ಕೇಬಲ್‌ಗೆ ಪ್ಯಾಚ್ ಕಾರ್ಡ್‌ಗಳೂ (ತುದಿಗಳಲ್ಲಿ ಸಿಕ್ಕಿಸುವ ಸಣ್ಣ ಕೇಬಲ್‌ಗಳು) ಸೇರಿ ಒಟ್ಟು 100 ಮೀಟರ್ ಮಿತಿ. ಅದರಲ್ಲಿ ಗೋಡೆ, ಟ್ರೇಗಳಲ್ಲಿ ಕಾಯಂ ಕೂರುವ ಭಾಗಕ್ಕೆ 90 ಮೀಟರ್. ಕನೆಕ್ಟರ್ ಎಷ್ಟು ಬದಲಿಸಿದರೂ ಮಿತಿ ಮೀರಿದ ಉದ್ದ ಕರಗುವುದಿಲ್ಲ. ಕೆಳಗಿನ ಮಹಡಿಗಳು ಮಿತಿಯೊಳಗೆ ಬರಬಹುದು, ಆದರೂ ಇಡೀ ಬ್ಯಾಕ್‌ಬೋನ್‌ಗೆ ಫೈಬರ್ (ಬೆಳಕು ಸಾಗುವ ಗಾಜಿನ ಎಳೆಗಳ ಕೇಬಲ್) ಹಾಕಿ ಎಂದು ಒತ್ತಿ ಹೇಳುತ್ತೇನೆ.

ಕಡಿಮೆ ದೂರಕ್ಕೆ ಬಳಸುವ ಮಲ್ಟಿಮೋಡ್ ಫೈಬರ್‌ನ ಓಎಂ4 ದರ್ಜೆ ಆದರೆ 10 ಗಿಗಾಬಿಟ್ 400 ಮೀಟರ್‌ವರೆಗೆ ಹೋಗುತ್ತದೆ, ನಿಮಗೆ ಧಾರಾಳ ಸಾಕು. ನಾನಾದರೆ ಹೆಚ್ಚು ದೂರಕ್ಕೂ ಒದಗುವ ಸಿಂಗಲ್‌ಮೋಡ್ ಫೈಬರ್ ಹಾಕುತ್ತೇನೆ. ಅದರ ಟ್ರಾನ್ಸೀವರ್ (ಸ್ವಿಚ್‌ನ ವಿದ್ಯುತ್ ಸಂಕೇತವನ್ನು ಬೆಳಕಾಗಿ, ಬೆಳಕನ್ನು ಮರಳಿ ಸಂಕೇತವಾಗಿ ಬದಲಿಸುವ ಬಿಡಿಭಾಗ) ತುಸು ದುಬಾರಿ, ನಿಜ. ಆದರೆ ಮುಂದೆ ವೇಗ ಹೆಚ್ಚಿಸಬೇಕಾದಾಗ ಟ್ರಾನ್ಸೀವರ್ ಬದಲಿಸಿದರಾಯಿತು, ಕೇಬಲ್ ಮುಟ್ಟಬೇಕಾಗಿಲ್ಲ. ಮಹಡಿಗೆ ಎರಡು ಎಳೆ ಸಾಕು ಎನಿಸಿದರೂ ಹನ್ನೆರಡು ಎಳೆಗಳ ಕೇಬಲ್ ಹಾಕಿ. ಎಳೆಯುವ ಕೂಲಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ.

ಎಳೆಯುವಾಗ ಹೊದಿಕೆಯನ್ನು ಹಿಡಿದು ಜಗ್ಗಬೇಡಿ, ಒಳಗಿನ ಅರಾಮಿಡ್ ನೂಲಿಗೆ ಹಗ್ಗ ಕಟ್ಟಿ. ಮಹಡಿಗಳ ನಡುವೆ ಕೊರೆದ ರಂಧ್ರಗಳನ್ನು ಬೆಂಕಿ ತಡೆಯುವ ಸಾಮಗ್ರಿಯಿಂದ ಮುಚ್ಚದೆ ಕೆಲಸ ಮುಗಿಯಿತು ಎನ್ನಬೇಡಿ. ಬೆಂಕಿ ಬಿದ್ದರೆ ಆ ರಂಧ್ರವೇ ಹೊಗೆಗೆ ಚಿಮಣಿ.

ಇನ್ನೊಬ್ಬರು:
ಸಾಧ್ಯವಾದರೆ ಎರಡು ಬೇರೆ ಬೇರೆ ರೈಸರ್‌ಗಳಲ್ಲಿ ದಾರಿ ಮಾಡಿ. ಒಂದೇ ಕೊಳವೆಯಲ್ಲಿ ಎರಡು ಕೇಬಲ್ ಹಾಕಿ ಬದಲಿ ವ್ಯವಸ್ಥೆ ಎಂದರೆ, ಡ್ರಿಲ್ ಹಿಡಿದವನು ಒಂದೇ ಏಟಿಗೆ ಎರಡನ್ನೂ ಕತ್ತರಿಸುತ್ತಾನೆ.

ಪ್ರಶ್ನೆ ಕೇಳಿದವರು:
ಸಿಂಗಲ್‌ಮೋಡ್ ಎಳೆದಾಯಿತು. ನಾಲ್ಕನೆಯ ಮಹಡಿಯ ಕೇಬಲ್‌ನಲ್ಲಿ ಮಾತ್ರ ಗೊಂದಲ: 1310 ನ್ಯಾನೋಮೀಟರ್ ತರಂಗದ ಬೆಳಕಿನಲ್ಲಿ ನಷ್ಟ 0.9 ಡೆಸಿಬೆಲ್, 1550ರಲ್ಲಿ 2.1. ಕನೆಕ್ಟರ್‌ಗಳನ್ನು ಎರಡು ಸಲ ಸ್ವಚ್ಛ ಮಾಡಿದೆ, ಬದಲಾಗಲಿಲ್ಲ.

ಉತ್ತರ:
1550ರಲ್ಲಿ ಮಾತ್ರ ಇಷ್ಟು ಹೆಚ್ಚಿದ್ದರೆ ಕೊಳೆಗಿಂತ ಮೊದಲು ಬಾಗುವಿಕೆಯನ್ನು ಅನುಮಾನಿಸಬೇಕು. ಫೈಬರ್ ಬಿಗಿಯಾಗಿ ಬಾಗಿದ ಕಡೆ ಉದ್ದ ತರಂಗದ ಬೆಳಕು ಮೊದಲು ಸೋರುತ್ತದೆ. ಓಟಿಡಿಆರ್ (ಫೈಬರ್‌ಗೆ ಬೆಳಕಿನ ಮಿಡಿತ ಕಳುಹಿಸಿ, ಎಷ್ಟನೇ ಮೀಟರ್‌ನಲ್ಲಿ ನಷ್ಟ ಎಂದು ಗೆರೆಯಲ್ಲಿ ತೋರಿಸುವ ಉಪಕರಣ) ಹಾಕಿ, ಗೆರೆ ಎಲ್ಲಿ ಮೆಟ್ಟಿಲಿನಂತೆ ಇಳಿಯುತ್ತದೆ ನೋಡಿ, ಆ ಮೀಟರ್‌ನ ಹತ್ತಿರ ಟ್ರೇ ಹುಡುಕಿ.

ಪ್ರಶ್ನೆ ಕೇಳಿದವರು:
38 ಮೀಟರ್‌ನಲ್ಲಿ ಸಿಕ್ಕಿತು. ಟ್ರೇ ತಿರುಗುವ ಮೂಲೆಯಲ್ಲಿ ಯಾರೋ ನೈಲಾನ್ ಟೈ ಅನ್ನು ಇಕ್ಕಳದಿಂದ ಬಿಗಿದಿದ್ದರು, ಹೊದಿಕೆಯ ಮೇಲೆ ಅದರ ಹಲ್ಲಿನ ಗುರುತು ಮೂಡಿತ್ತು. ಆ ಟೈ ಕತ್ತರಿಸಿ, ಮೂಲೆಯಲ್ಲಿ ಕೇಬಲನ್ನು ಅಗಲವಾಗಿ ತಿರುಗಿಸಿ, ವೆಲ್ಕ್ರೋ ಪಟ್ಟಿ ಸಡಿಲವಾಗಿ ಸುತ್ತಿದೆ. ಈಗ 1310ರಲ್ಲೂ 1550ರಲ್ಲೂ 0.5. ಉಳಿದ ಮಹಡಿಗಳಲ್ಲೂ ಅಂಥ ಟೈಗಳನ್ನು ಇವತ್ತೇ ತೆಗೆಸುತ್ತಿದ್ದೇನೆ.