ಓದುಗರ ಸ್ಪಂದನ: ಕಾಳುಗೆ ಕೋಲಾ, ಮುದ್ದಾ?

ಸಿದ್ದಾಪುರ ಕಡೆಯ ಓದುಗಿಯೊಬ್ಬರು ಬರೆದಿದ್ದು ನೆನಪಿರ್ಬೇಕಲ್ಲ. ಹತ್ತು ತಿಂಗಳ ಗಂಡು ನಾಯಿ, ಹೆಸರು ಕಾಳು. ಮಾವನವ್ರು ಕೋಲು ಹಿಡ್ಕೊಂಡೇ ಅದನ್ನ ಮಾತಾಡ್ಸೋದು, ಮಕ್ಳು ತಮ್ಮ ತಟ್ಟೆಯ ದೋಸೆ ಹಾಕಿ ಹಾಸಿಗೇಲೇ ಮಲಗ್ಸೋದು. ನಾಯಿ ಚಪ್ಪಲಿ ಕಚ್ಚತ್ತೆ, ಬಂದೋರ ಮೈಮೇಲೆ ಹಾರತ್ತೆ, ಪಕ್ಕದ್ಮನೆ ಕೋಳಿ ಎರಡು ಹೋಗಿವೆ, ಈಗೀಗ ಮಾವನವ್ರು ಕೈ ಎತ್ತಿದ್ರೆ ನಿಂತಲ್ಲೇ ಉಚ್ಚೆ ಹೊಯ್ಕೊಳ್ಳತ್ತೆ. ಯಾರ ಮಾತು ಕೇಳ್ಲಿ ಅಂತ ಅವ್ರ ಪ್ರಶ್ನೆ. ಯಲ್ಲಾಪುರದ ಹಿರಿಯರೊಬ್ಬರ ಉತ್ತರ ಹೋದ ವಾರವೇ ಹಾಕಿದ್ವಿ, ಅದನ್ನ ಓದಿ ಬರೆದವ್ರೇ ಜಾಸ್ತಿ, ಹಾಗಾಗಿ ಅದನ್ನೂ ಮತ್ತೆ ಹಾಕಿದೀವಿ.

ಯಲ್ಲಾಪುರ ಕಡೆಯ ತೋಟಿಗರು
ಎಲ್ರೂ ಸೇರಿ ಮಾವನವ್ರನ್ನ ಬೈಯೂಕೆ ಮುಂಚೆ ನಂದೊಂದು ಮಾತು. ತಂಗೀ, ಹಳ್ಳೀಲಿ ನಾಯಿಗೆ ಹೆದ್ರಿಕೆ ಅನ್ನೂದು ಇಲ್ದಿದ್ರೆ ಅದು ಹೆಚ್ಚು ದಿನ ಬಾಳೂದಿಲ್ಲ. ಕೋಳಿ ರುಚಿ ಹತ್ತಿದ ನಾಯಿಗೆ ಯಾರೋ ಒಂದಿನ ಅನ್ನದಲ್ಲಿ ವಿಷ ಹಾಕ್ತಾರೆ, ಆಮೇಲೆ ಮಕ್ಳು ಅತ್ರೆ ಎಂತ ಮಾಡ್ತೀರಿ? ನಮ್ಮನೆ ನಾಯಿ ಮಂಗ ಓಡಿಸ್ತದೆ, ರಾತ್ರೆ ಹಂದಿ ಬಂದ್ರೆ ಕೂಗ್ತದೆ, ದಣಪೆ ದಾಟಿ ಆಚೆ ಹೋಗೂದಿಲ್ಲ, ಅದೆಲ್ಲ ಮುದ್ದು ಮಾಡಿ ಕಲ್ಸಿದ್ದಲ್ಲ, ಸಣ್ಣಕಿರುವಾಗ ಒಂದೆರಡು ಬಿದ್ದೇ ಕಲ್ತದ್ದು. ಆದ್ರೆ ರಾತ್ರೆ ಮಾತ್ರ ಅಂಗಳದಲ್ಲಿ ಸರಪಳಿ ಹಾಕಿ ಕಟ್ಬೇಡಿ. ಕಟ್ಟಿಹಾಕಿದ ನಾಯಿ ಚಿರತೆಗೆ ಬಡಿಸಿಟ್ಟ ಎಲೆ ಇದ್ದಂಗೆ, ಓಡೂಕೂ ಆಗೂದಿಲ್ಲ ಪಾಪ. ಜಗಲಿ ಒಳಗೇ ಮಲಗ್ಲಿ, ಬಾಗ್ಲು ಹಾಕಿ. ನಾನು ಹೊಡೀತೆ ಹೌದು, ಚಿರತೆ ಬಾಯಿಗೆ ಕೊಡೂದಿಲ್ಲ.

ಅಂಕೋಲಾ, ಪಶು ಆಸ್ಪತ್ರೆ ಕೆಲ್ಸದಿಂದ ನಿವೃತ್ತರು
ಚಿರತೆ ಮಾತು ನೂರಕ್ಕೆ ನೂರು ಸರಿ, ಹೊಡೆತದ್ದು ಒಪ್ಪೂಕಾಗೂದಿಲ್ಲ. ಮೊದ್ಲು ಉಚ್ಚೆ ವಿಷ್ಯ ಹೇಳ್ತೆ. ಅದು ಸೊಕ್ಕೂ ಅಲ್ಲ, ಗಲೀಜು ಮಾಡೂ ಚಾಳಿನೂ ಅಲ್ಲ, "ನಾನು ಸಣ್ಣವ, ಎಂತದೂ ಮಾಡ್ಬೇಡ" ಅಂತ ಶರಣಾಗೂದು, ಮರಿಗಳು ದೊಡ್ಡ ನಾಯಿ ಎದ್ರು ಹಿಂಗೇ ಮಾಡ್ತಾವೆ. ಅದಕ್ಕೂ ಹೊಡೆದ್ರೆ ಇನ್ನೂ ಹೆಚ್ಚಾಗ್ತದೆ ಬಿಟ್ರೆ ನಿಲ್ಲೂದಿಲ್ಲ. ಮಾವನವ್ರು ನೇರ ಎದ್ರಿಗೆ ಬಂದು ಮೇಲೆ ಬಗ್ಗೂದು ಬಿಟ್ಟು, ಪಕ್ಕಕ್ಕೆ ತಿರುಗಿ ಕೂತು, ಕಣ್ಣಲ್ಲಿ ಕಣ್ಣಿಟ್ಟು ನೋಡ್ದೇ ಒಂದು ತುಂಡು ಚಪಾತಿ ತಮ್ಮ ಕೈಯಿಂದಲೇ ಕೊಡ್ಲಿ, ದಿನಾ ಕೊಡ್ಲಿ.

ಇನ್ನೊಂದು ಹೊತ್ತಿನ ವಿಷ್ಯ. ಬೆಳಿಗ್ಗೆ ಕಚ್ಚಿದ ಚಪ್ಪಲಿನ ಮಧ್ಯಾಹ್ನ ಮೂತಿ ಹತ್ರ ಹಿಡ್ದು ಬಾರ್ಸಿದ್ರೆ ನಾಯಿಗೆ ಗೊತ್ತಾಗೂದು ಒಂದೇ, ಈ ಮನುಷ್ಯ ಹತ್ರ ಬಂದ್ರೆ ನೋವಾಗ್ತದೆ ಅಂತ. ಬೈದದ್ದಾಗ್ಲಿ ಹೊಗಳಿದ್ದಾಗ್ಲಿ ಮಾಡ್ತಿರುವಾಗ್ಲೇ, ಒಂದೆರಡು ಸೆಕೆಂಡೊಳಗೆ ಆದ್ರೆ ಮಾತ್ರ ಅದರ ತಲೇಲಿ ಕೂಡೂದು. "ತಪ್ಪು ಮಾಡಿದ್ದು ಅದರ ಮುಖದಲ್ಲೇ ಕಾಣ್ತದಲ್ರೀ" ಅಂತಾರೆ ಎಲ್ರೂ. 2009ರಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನೋ ಸಂಶೋಧಕಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ರು, ತಿಂಡಿ ಮುಟ್ದೇ ಇದ್ದ ನಾಯಿನೂ ಯಜಮಾನ ಬೈದ್ರೆ ಅದೇ ಪಾಪದ ಮುಖ ಮಾಡ್ತಿತ್ತು. ಅಂದ್ರೆ ಆ ಮುಖ ನಮ್ಮ ಸಿಟ್ಟಿಗೆ, ಅದರ ತಪ್ಪಿಗಲ್ಲ. ಗುರ್ ಅಂದದ್ದಕ್ಕಂತೂ ಯಾವತ್ತೂ ಹೊಡೀಬೇಡಿ, ಅದು ಕಚ್ಚೂಕೆ ಮುಂಚಿನ ಎಚ್ಚರಿಕೆ, ಆ ಬಾಯಿ ಮುಚ್ಸಿದ್ರೆ ನಾಳೆ ಹೇಳ್ದೇ ಕೇಳ್ದೇ ಕಚ್ತದೆ, ಅದೂ ಮಕ್ಕಳಿಗೇ.

ಹಲ್ಲು ಬರೂದು ಆರೇಳು ತಿಂಗಳಿಗೆ ಮುಗೀತದೆ, ಹಾಗಾಗಿ ಕಾಳು ಚಪ್ಪಲಿ ಕಚ್ಚೂದು ಹೊತ್ತು ಹೋಗ್ದೇ ಇರ್ಬೇಕು. ರೇಬೀಸ್ ಇಂಜೆಕ್ಷನ್ ಮೂರು ತಿಂಗಳಿಗೇ ಆಗ್ಬೇಕಿತ್ತು, ಆಗಿಲ್ದಿದ್ರೆ ನಾಳೆಯೇ ಹಾಕ್ಸಿ, ಆಮೇಲೆ ಡಾಕ್ಟ್ರು ಹೇಳ್ದಂಗೆ ವರ್ಷ ವರ್ಷ. ಯಾರಿಗಾದ್ರೂ ಹಲ್ಲು ತಾಗಿದ್ರೆ ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳ್ದು ಅದೇ ದಿನ ಆಸ್ಪತ್ರೆಗೆ ಹೋಗಿ, ಅರಿಶಿನ ಸುಣ್ಣ ಎಲ್ಲ ಹಚ್ಕೊಂಡು ಕೂರ್ಬೇಡಿ.

ಕಾರವಾರ, ಮೀನು ವ್ಯಾಪಾರದ ಮನೆಯವರು
ಅಕ್ಕಾ, ಮೈಮೇಲೆ ಹಾರೂ ನಾಯಿಗೆ ಬೈದ್ರೂ ಖುಷಿ, ದೂಕಿದ್ರೂ ಖುಷಿ, ಅದಕ್ಕೆ ಎಲ್ಲ ಆಟನೇ. ಬೆನ್ನು ತಿರುಗ್ಸಿ ಸುಮ್ನೆ ನಿಂತ್ಕೊಳ್ಳಿ, ನಾಲ್ಕೂ ಕಾಲು ನೆಲಕ್ಕೆ ಬಂದ ಮೇಲೆ ಮಾತಾಡ್ಸಿ, ಬಂದ ನೆಂಟ್ರಿಗೂ ಹಾಗೇ ಮಾಡೂಕೆ ಹೇಳಿ. ನಮ್ದು ಬೀಚ್ ಹತ್ರ, ದಿನಾ ಓಡಿಸ್ಕೊಂಡು ಬಂದ್ರೆ ಮನೇಲಿ ಬಿದ್ಕೊಂಡಿರ್ತದೆ, ಆದ್ರೆ ಜೂನ್ ಮಳೆ ಶುರುವಾದ್ರೆ ಎಲ್ಲಿಗೆ ಹೋಗೂದು? ಆವಾಗ ತೆಂಗಿನ ಸಿಪ್ಪೆ ರಾಶಿ ಒಳಗೆ ಒಣಮೀನಿನ ಚೂರು (ನೀರಲ್ಲಿ ನೆನೆಸಿ ಉಪ್ಪು ಬಿಡ್ಸಿದ್ದು) ಅಡಗ್ಸಿ ಇಡ್ತೇವೆ, ಮೂಸಿ ಮೂಸಿ ಹುಡ್ಕೂದ್ರಲ್ಲೇ ಅದಕ್ಕೆ ಸುಸ್ತು. ಚಪ್ಪಲಿ ನೆನಪೇ ಆಗೂದಿಲ್ಲ.

ಶಿರಸಿ, ಗೃಹಿಣಿ
ಕಾರವಾರದ ತಂಗಿಯ ಐಡಿಯಾ ಚೊಲೋ ಇದ್ದು, ಆದ್ರೆ ನಮ್ಮನೆ ಅತ್ತೆ ಎದ್ರಿಗೆ ಒಣಮೀನು ತಂದ್ರೆ ನಾಯಿ ಜೊತೆ ನಾನೂ ಹೊರಗೇ ಮಲಗ್ಬೇಕಾಗ್ತು ಮಾರಾಯ್ತಿ! ಕೊಬ್ಬರಿ ಚೂರೂ ನಡೀತು, ಸ್ವಲ್ಪ ಹಾಕಿದ್ರಾತು.

ಕುಮಟಾದವ, ಈಗ ಬೆಂಗ್ಳೂರು
"ಮನೇಲಿ ಯಾರು ಲೀಡರ್ ಅಂತ ನಾಯಿಗೆ ತೋರಿಸ್ಬೇಕು, ಅದು ತೋಳದ ಜಾತಿ" ಅಂತ ಈಗ್ಲೂ ಟ್ರೇನರ್‌ಗಳು ಹೇಳ್ತಾರಲ್ಲ, ಅದರ ಬುಡ ನೋಡಿದ್ರೆ ನಗು ಬರತ್ತೆ. 1947ರಲ್ಲಿ ಶೆಂಕೆಲ್ ಅನ್ನೋರು ಝೂನಲ್ಲಿ ಕೂಡಿಹಾಕಿದ್ದ ತೋಳಗಳನ್ನ ನೋಡಿ ಬರೆದದ್ದು ಅದು. ಆ ಮಾತನ್ನ ಜನಕ್ಕೆ ಮುಟ್ಟಿಸಿದ ಡೇವಿಡ್ ಮೀಚ್ ಅವ್ರೇ ಆಮೇಲೆ ಕಾಡಲ್ಲಿ ವರ್ಷಗಟ್ಟಲೆ ತೋಳ ನೋಡಿ 1999ರಲ್ಲಿ ಬರೆದ್ರು, ಅಲ್ಲಿ ಗುಂಪು ಅಂದ್ರೆ ಅಪ್ಪ ಅಮ್ಮ ಮಕ್ಳು ಅಷ್ಟೇ, ಹೊಡೆದಾಡಿ ಗೆದ್ದ ಲೀಡರ್ ಅಂತ ಯಾರೂ ಇಲ್ಲ ಅಂತ. ಆದ್ರೂ ನಮ್ಮಲ್ಲಿ ಕೋಲು ಹಿಡಿಯೋಕೆ ಒಂದು ತೋಳ ಬೇಕು.

ಹೊನ್ನಾವರ, ನಿವೃತ್ತ ನೌಕರರು
ಕಾನೂನೂ ಇದೆ ಅಂತ ಮಾವನವರಿಗೆ ಹೇಳಿ (ಮೆಲ್ಲಗೆ ಹೇಳಿ). 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ 11ನೇ ಸೆಕ್ಷನ್‌ನಲ್ಲಿ ಪ್ರಾಣಿಗಳನ್ನ ಹೊಡೆದು ಹಿಂಸೆ ಮಾಡೋದೂ ಅಪರಾಧ, ಸದಾ ಕಟ್ಟಿಹಾಕಿದ ನಾಯಿನ ಓಡಾಡ್ಸದೇ ಬಿಡೋದೂ ಅಪರಾಧ. ಹಾಗಂತ ಮಕ್ಕಳ ಮುದ್ದೂ ನನಗೆ ಒಪ್ಪಿಗೆ ಇಲ್ಲ. ಇವತ್ತು ತಟ್ಟೆಯಿಂದ ದೋಸೆ, ನಾಳೆ ಚಾಕ್ಲೇಟು, ಪಾಯಸದ ದ್ರಾಕ್ಷಿ, ಅವೆರಡೂ ನಾಯಿಗೆ ವಿಷ, ದೋಸೆ ಜೊತೆಗಿನ ಈರುಳ್ಳಿ ಚಟ್ನಿನೂ ಒಳ್ಳೇದಲ್ಲ. ಪ್ರೀತಿ ಇದ್ರೆ ಅದರದ್ದೇ ಬಟ್ಟಲಲ್ಲಿ ಹೊತ್ತಿಗೆ ಸರಿಯಾಗಿ ಹಾಕಿ, ಅದೂ ಕೂರು ಅಂದಾಗ ಕೂತ ಮೇಲೆ.

ಕುಮಟಾ, ಸೊಸೆಯೊಬ್ಬರು
ನಾನು ಬೇರೇನೇ ಹೇಳ್ತೆ. ನಿಮ್ಮ ಪತ್ರದಲ್ಲಿ ಗಂಡನ ಸುದ್ದಿನೇ ಇಲ್ವಲ್ಲ, ನಾಯಿ ತಂದವ್ರು ಯಾರು? ಮಾವನವ್ರಿಗೆ ಸೊಸೆ ಹೇಳಿದ್ರೆ ಎದುರು ಮಾತಾಡಿದ ಹಂಗೆ, ಮಗ ಹೇಳಿದ್ರೆ ಕೇಳ್ತಾರೇನೋ. ಮಾವ ಹಚಾ ಅಂತಾರೆ, ಮಕ್ಳು ನೋ ಅಂತಾರೆ, ನೀವು ಬೇಡ ಅಂತೀರಿ, ಯಾರಿಗೆ ಅಂತ ಕೇಳತ್ತೆ ಅದು? ಹಾಸಿಗೆ ಮೇಲೆ ಬರಬಹುದಾ ಇಲ್ವಾ, ಎಲ್ರೂ ಕವಳ ಹಾಕ್ತಾ ಕೂತಾಗ ಒಂದು ತೀರ್ಮಾನ ಮಾಡಿ. ನನ್ನ ಕೇಳಿದ್ರೆ ಬರ್ಲಿ ಬಿಡಿ, ಚಳಿಗೆ ಬೆಚ್ಚಗಿರತ್ತೆ. ಅಂಕೋಲಾದವ್ರು ಒಪ್ಲಿಕ್ಕಿಲ್ಲ.

ಭಟ್ಕಳ ಕಡೆಯವರು
ತೋಳ, ಕಾನೂನು ಎಲ್ಲ ಓದಿದೆ. ಪಕ್ಕದ್ಮನೆಯವ್ರ ಕೋಳಿ ದುಡ್ಡು ಕೊಟ್ರಾ ಇಲ್ವಾ? ಅದನ್ನ ಯಾರೂ ಕೇಳ್ಲೇ ಇಲ್ಲ. ಮೊದ್ಲು ಹೋಗಿ ಕೊಟ್ಟು ಬನ್ನಿ, ಮಾವನವ್ರನ್ನೇ ಕಳ್ಸಿ, ಕೋಲು ಮನೇಲೇ ಬಿಟ್ಟು. ಬರುವಾಗ ಅವರ ಬೇಲಿ ಎಲ್ಲಿ ಕಿತ್ತಿದೆ ಅಂತ ನೋಡ್ಕೊಂಡು ಬರ್ಲಿ, ಎರಡು ಮನೆಯವ್ರೂ ಸೇರಿ ಕಟ್ಟಿದ್ರೆ ಒಂದು ಮಧ್ಯಾಹ್ನದ ಕೆಲ್ಸ.