ಅಂಬಾಸಿಡರ್: ಟೆಂಪರೇಚರ್ ಮುಳ್ಳು ‘ಎಚ್’ ಹತ್ತಿರ, ರೇಡಿಯೇಟರ್ ಮಾತ್ರ ಕುದಿಯಂಗಿಲ್ಲ

ಪ್ರಶ್ನೆ, ಕಲಬುರಗಿ

ಎಲ್ಲರಿಗೂ ನಮಸ್ಕಾರ್ರೀ. ನಮ್ಮ ತಂದೆಯವರ ಕಾಲದ ಪೆಟ್ರೋಲ್ ಅಂಬಾಸಿಡರ್ ಅದ. ಮನಿ ಮುಂದ ನಿಂತಿದ್ದನ್ನ ರಿಪೇರಿ ಮಾಡ್ಸಿ, ಡ್ಯಾಶ್‌ಬೋರ್ಡ್ ಬಿಚ್ಚಿ ಪೇಂಟ್ ಹೊಡಿಸಿ ರೋಡಿಗೆ ಇಳಿಸೀನಿ. ಜೇವರ್ಗಿ ರೋಡಿನ್ಯಾಗ ಭೀಮಾ ಬ್ರಿಜ್ ಮುಟ್ಟೋದ್ರಾಗ ಮುಳ್ಳು ‘ಎಚ್’ (ಹಾಟ್, ಅಂದ್ರ ಭಾಳ ಬಿಸಿ) ಹತ್ರ ಹೋಗಿ ಕೂಡ್ತದ. ಬಾನೆಟ್ ಎತ್ತಿ ನೋಡಿದ್ರ ಉಗಿ ಇಲ್ಲ, ಓವರ್‌ಫ್ಲೋ ಪೈಪಿನಿಂದ ಹನಿ ನೀರೂ ಬಿದ್ದಿರಂಗಿಲ್ಲ. ಸೆಂಡರ್ (ಇಂಜಿನ್ ಬಿಸಿ ಅಳೆದು ಮೀಟರಿಗೆ ತಿಳಿಸೋ ಸಾಮಾನು) ಹೊಸದು, ಥರ್ಮೋಸ್ಟಾಟ್ (ಇಂಜಿನ್ ಕಾಯೋತನ ನೀರು ರೇಡಿಯೇಟರಿಗೆ ಹೋಗದಂಗ ತಡಿಯೋ ವಾಲ್ವ್) 82 ಡಿಗ್ರಿದು. ಇನ್ನೊಂದು, ಪೆಟ್ರೋಲ್ ಅರ್ಧ ಟ್ಯಾಂಕ್ ಇದ್ರೂ ಮುಕ್ಕಾಲು ತೋರಿಸ್ತದ. ಬಿಸಲು 42 ದಾಟೋಕ್ಕಿಂತ ಮೊದ್ಲ ಖಾತ್ರಿ ಮಾಡ್ಕೋಬೇಕು. ಯಾರರ ಹೇಳ್ರಿ.

ಉತ್ತರ, ಯಾದಗಿರಿ

ಅಣ್ಣಾ, ಥರ್ಮೋಸ್ಟಾಟ್ ತೆಗೆದು ಒಗೀರಿ. ನಮ್ಮ ಕಡಿ ಬಿಸಲಿಗೆ ಅದು ಬ್ಯಾಡ.

ಉತ್ತರ, ಬೀದರ್

ಥರ್ಮೋಸ್ಟಾಟ್ ತೆಗೀಬ್ಯಾಡ್ರಿ ಸರ್. ತೆಗೆದರೆ ಮುಳ್ಳು ಇಳಿಯಬಹುದು, ಆದರೆ ಇಂಜಿನ್ ಸರಿಯಾಗಿ ಕಾಯದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಮೂಲ ತೊಂದರೆ ಹಾಗೇ ಉಳಿಯುತ್ತದೆ. ಮುಳ್ಳು ಹೇಳಿದ ಮಾತಿಗೆ ಇನ್ನೊಂದು ಸಾಕ್ಷಿ ಸಿಗೋವರೆಗೂ ಇಂಜಿನ್ನಿಗೆ ಕೈ ಹಚ್ಚಬಾರದು.

ನಿಮ್ಮ ಬರಹದಲ್ಲಿ ಎರಡು ಮಾತು ಮುಖ್ಯ: ಪೆಟ್ರೋಲ್ ಮುಳ್ಳೂ ಮೇಲಿದೆ, ಡ್ಯಾಶ್‌ಬೋರ್ಡಿಗೆ ಪೇಂಟ್ ಆಗಿದೆ. ಎರಡೂ ಮೀಟರ್ ಒಟ್ಟಿಗೆ ಹೆಚ್ಚು ತೋರಿಸಿದರೆ ತಪ್ಪು ಎರಡಕ್ಕೂ ಕರೆಂಟ್ ಕೊಡುವ ಜಾಗದಲ್ಲಿರುತ್ತದೆ. ಮೀಟರ್‌ಗಳ ಹಿಂದೆ ಸಣ್ಣ ತಗಡಿನ ಡಬ್ಬಿ ಇದೆಯಾ ನೋಡಿ, ಟರ್ಮಿನಲ್ ಮೇಲೆ ‘ಬಿ’, ‘ಐ’ ಅಂತ ಗುರುತಿರುತ್ತದೆ. ಅದು ವೋಲ್ಟೇಜ್ ಸ್ಟೆಬಿಲೈಸರ್. ಒಳಗಿನ ಬೈಮೆಟಲ್ (ಎರಡು ಲೋಹ ಕೂಡಿಸಿದ) ಪಟ್ಟಿ ಕಾದು ಕರೆಂಟ್ ಕಡಿದು, ಆರಿದಾಗ ಮತ್ತೆ ಕೂಡಿಸಿ, ಸರಾಸರಿ 10 ವೋಲ್ಟ್ ಕೊಡುತ್ತದೆ. ಈ ಕೆಲಸಕ್ಕೆ ಡಬ್ಬಿಗೆ ಬಾಡಿಯ ಅರ್ಥ್ (ಕರೆಂಟ್ ಬ್ಯಾಟರಿಗೆ ಮರಳುವ ದಾರಿ) ಬೇಕೇ ಬೇಕು. ಸ್ಕ್ರೂ ಕೆಳಗೆ ಪೇಂಟ್ ಕೂತರೆ ಅರ್ಥ್ ಸಿಗದೆ ಪಟ್ಟಿ ಕಾಯುವುದಿಲ್ಲ. ಆಗ ಬ್ಯಾಟರಿಯ 12, ಗಾಡಿ ಓಡುವಾಗ 14ರ ತನಕ ವೋಲ್ಟೇಜ್ ನೇರವಾಗಿ ಮೀಟರಿಗೆ ಹೋಗುತ್ತದೆ. ಅದಕ್ಕೇ ರೋಡಿನಲ್ಲಿ ಮುಳ್ಳು ಏರುವುದು.

ಪೇಂಟ್ ಕೆರೆದು, ಡಬ್ಬಿಯನ್ನು ಮೊದಲಿದ್ದ ನೆಟ್ಟಗಿನ ಸ್ಥಿತಿಯಲ್ಲೇ ಕೂಡಿಸಿ. ಡಬ್ಬಿಯ ವೋಲ್ಟೇಜನ್ನು ಡಿಜಿಟಲ್ ಮಲ್ಟಿಮೀಟರಿನಲ್ಲಿ ಅಳೆದಾಗ ಅಂಕಿ ಕುಣಿದರೆ ಗಾಬರಿ ಬೇಡ, ಡಬ್ಬಿಯ ಸ್ವಭಾವವೇ ಹಾಗೆ. ಡಬ್ಬಿಯೇ ಕೆಟ್ಟಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಯ, 10 ವೋಲ್ಟ್ ಕೊಡುವ 7810 ರೆಗ್ಯುಲೇಟರ್ ಹಾಕಬಹುದು. ಗಾಡಿ ನೆಗೆಟಿವ್ ಅರ್ಥ್ (ಬ್ಯಾಟರಿಯ ನೆಗೆಟಿವ್ ತುದಿ ಬಾಡಿಗೆ ಕೂಡಿಸಿದ್ದು) ಇದ್ದರೆ ಮಾತ್ರ.

ಸಾಕ್ಷಿಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು. ಹೊಳೆಯುವ ಅಲ್ಯೂಮಿನಿಯಂ ಮೇಲೆ ಹಿಡಿದರೆ ಕಡಿಮೆ ತೋರಿಸುತ್ತದೆ. ಥರ್ಮೋಸ್ಟಾಟ್ ಹೌಸಿಂಗ್ ಮೇಲೆ ರೂಪಾಯಿ ಅಗಲ ಮ್ಯಾಟ್ ಕಪ್ಪು ಬಣ್ಣ ಹಚ್ಚಿ ಅಲ್ಲೇ ಹಿಡಿಯಿರಿ.

ಪ್ರಶ್ನೆ ಕೇಳಿದವರು

ಡಬ್ಬಿ ಸಿಕ್ತು ಸರ್. ಸ್ಕ್ರೂ ಬಿಚ್ಚಿದ್ರ ಕಿವಿ ಕೆಳಗ ಪೇಂಟ್ ಉಗುರಿನಂಗ ದಪ್ಪ ಕೂತಿತ್ತು. ಕೆರೆದು ತಗಡು ಹೊಳಿಯೋಂಗ ಮಾಡಿ ಬಿಗಿ ಮಾಡ್ದೆ. ಪೆಟ್ರೋಲ್ ಮುಳ್ಳು ಅರ್ಧಕ್ಕ ಬಂತು! ಟೆಂಪರೇಚರ್ ಸುದ್ದಾ ಇಳೀತು, ಆದ್ರ ಕಪ್ಪು ಚುಕ್ಕಿ ಮ್ಯಾಲ 84 ಬರುವಾಗ ಮುಳ್ಳು ಇನ್ನೂ ನಡುವಿನ ಗೆರಿ ದಾಟಿ ‘ಎಚ್’ ಕಡಿಗೇ ಅದ.

ಉತ್ತರ, ಬೀದರ್

ಹಾಗಾದರೆ ಉಳಿದದ್ದು ಸೆಂಡರ್ ಲೆಕ್ಕ. ಕಾದಷ್ಟೂ ಅದರ ಓಮ್ (ಕರೆಂಟಿಗೆ ಒಡ್ಡುವ ತಡೆ) ಇಳಿಯುತ್ತದೆ, ಓಮ್ ಇಳಿದಷ್ಟೂ ಮುಳ್ಳು ಏರುತ್ತದೆ. ಚೂಡಿ (ತಿರುಗಿಸಿ ಕೂಡಿಸುವ ಸ್ಕ್ರೂ ಸುರುಳಿ) ಒಂದೇ ಇದ್ದರೂ ಓಮ್ ಬೇರೆ ಇರುವ ಸೆಂಡರ್‌ಗಳು ಅಂಗಡಿಯಲ್ಲಿ ಸಿಗುತ್ತವೆ. ಹಳೆಯದು ಇಟ್ಟಿದ್ದರೆ ಎರಡನ್ನೂ ಒಂದೇ ಪಾತ್ರೆಯ ನೀರಿನಲ್ಲಿ, ತಳಕ್ಕೆ ತಾಗದಂತೆ ತಂತಿಯಲ್ಲಿ ತೂಗುಬಿಟ್ಟು ಕಾಯಿಸಿ. ಮಲ್ಟಿಮೀಟರಿನಲ್ಲಿ 60, 80ಕ್ಕೆ, ಆಮೇಲೆ ಕುದಿಯುವಾಗ ಓದಿ ಬರೆದುಕೊಳ್ಳಿ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಮೇಲಿದೆ, ಅಲ್ಲಿ ನೀರು 98.5ರ ಆಸುಪಾಸು ಕುದಿಯುತ್ತದೆ. ಥರ್ಮಾಮೀಟರ್ 100 ತೋರಿಸಲಿಲ್ಲ ಅಂತ ಅದನ್ನು ದೂರಬೇಡಿ. ಕೂಡಿಸುವಾಗ ಚೂಡಿಗೆ ಟೆಫ್ಲಾನ್ ಟೇಪ್ ಸುತ್ತಬೇಡಿ, ಸೆಂಡರಿಗೆ ಅರ್ಥ್ ಬರುವುದೇ ಚೂಡಿಯಿಂದ. ಅರ್ಥ್ ಕೆಟ್ಟರೆ ಮುಳ್ಳು ಕಡಿಮೆ ತೋರಿಸುತ್ತದೆ. ಇಂಜಿನ್ ಕುದಿಯುತ್ತಿದ್ದರೂ ನಿಮಗೆ ತಿಳಿಯುವುದಿಲ್ಲ. ನನಗೆ ಹೆಚ್ಚು ತೋರಿಸುವ ಮುಳ್ಳಿಗಿಂತ ಇದರ ಭಯವೇ ಜಾಸ್ತಿ.

ಪ್ರಶ್ನೆ ಕೇಳಿದವರು

ಹಳೇದು ಡಬ್ಬ್ಯಾಗ ಇತ್ತು. ಬೋರಿನ ಸವಳು ನೀರಿಗೆ ಬಿಳಿ ಪದರು ಕಟ್ಟಿತ್ತು, ಲಿಂಬಿ ಹುಳ್ಯಾಗ ಇಟ್ಟು ತೊಳ್ದೆ. 80 ಡಿಗ್ರಿಗೆ ಹೊಸದರ ಓಮ್ ಹಳೇದರ ಅರ್ಧಕ್ಕಿಂತ ಕಡಿಮಿ ಬಂತು. ಹಳೇದೇ ಹಾಕೀನಿ. ಈಗ 84ಕ್ಕ ಮುಳ್ಳು ನಡುವ ನಿಲ್ತದ, ಹುಮನಾಬಾದ್ ತನ ಹೋಗಿ ಬಂದ್ರೂ ಕದಲಿಲ್ಲ. ಭಾಳ ಉಪಕಾರ ಆಯ್ತು ಸರ್.

ಉತ್ತರ, ಯಾದಗಿರಿ

ನಮ್ಮ ಗಾಡಿ ಮೀಟರಿಗೆ ವೈರೇ ಇಲ್ರೀ, ತೆಳ್ಳನ ತಾಮ್ರದ ನಳಿ ಇಂಜಿನ್ ತನ ಹೋಗ್ಯದ. ಅದಕ್ಕ?

ಉತ್ತರ, ಬೀದರ್

ಅದಕ್ಕೆ ಸ್ಟೆಬಿಲೈಸರ್ ಸಂಬಂಧವೇ ಇಲ್ಲ ತಮ್ಮಾ. ತುದಿಯ ಬಲ್ಬಿನಲ್ಲಿರುವ ದ್ರವ ಕಾದಾಗ ಏರುವ ಆವಿಯ ಒತ್ತಡವೇ ಮುಳ್ಳು ತಳ್ಳುತ್ತದೆ. ಬಲ್ಬನ್ನು ಅದೇ ಬಿಸಿನೀರಿನ ಪಾತ್ರೆಯಲ್ಲಿಟ್ಟು ತಾಳೆ ನೋಡು. ನಳಿಗೆ ಚೂಪು ಮಡಿಕೆ ಬೀಳಬಾರದು, ಕತ್ತರಿಸಲಂತೂ ಬಾರದು. ದ್ರವ ಸೋರಿದರೆ ಮುಳ್ಳು ‘ಸಿ’ (ಕೋಲ್ಡ್, ತಣ್ಣಗೆ) ಬಿಟ್ಟು ಮೇಲೇಳುವುದಿಲ್ಲ.