ಇಂಜಿನ್ ಅಡಿಯ ಕವರ್ ತೆಗೆದರೆ ಗಾಡಿ ತಣ್ಣಗಾಗುತ್ತದಾ?

ಪ್ರಶ್ನೆ (ಮಣಿಪಾಲದಿಂದ): ನಮಸ್ಕಾರ. ಎರಡು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ಆಡಿ ಟಿಟಿ ಕಾರು ತಗೊಂಡೆ. ಮೊನ್ನೆ ಆಯಿಲ್ ಬದಲಿಸಲು ಒಂದು ಗ್ಯಾರೇಜಿಗೆ ಕೊಟ್ಟಿದ್ದೆ. ವಾಪಸ್ ಬಂದಾಗ ಇಂಜಿನ್ ಅಡಿಯ ಪ್ಲಾಸ್ಟಿಕ್ ಕವರೇ ಇಲ್ಲ. ಅಂಡರ್ ಟ್ರೇ ಅಂತಾರಲ್ಲ, ಅದು. ಕೇಳಿದರೆ "ನಮ್ಮೂರಿನ ಸೆಕೆಗೆ ಅದು ಬೇಡ ಸರ್, ತೆಗೆದರೆ ಇಂಜಿನ್‌ಗೆ ಗಾಳಿ ಸಿಗುತ್ತದೆ, ರಸ್ತೆಯ ಹಂಪ್‌ಗೂ ತಾಗುವುದಿಲ್ಲ" ಎಂದರು. ಕೇಳುವಾಗ ಸರಿ ಅನ್ನಿಸಿತು. ಆದರೆ ಮಳೆ ಹತ್ತಿರ ಬಂತಲ್ವಾ? ಹೀಗೇ ಓಡಿಸಬಹುದಾ?

ಉತ್ತರ (ಮೆಕ್ಯಾನಿಕ್, ಮಂಗಳೂರು): ಬೇಡ ಮಾರಾಯ್ರೆ, ಹಾಕಿಸಿ. ನಿಮ್ಮ ಗಾಡಿಯಲ್ಲಿ ಇಂಜಿನ್ ಮುಂದೆ ಉಂಟು, ಅದಕ್ಕೂ ಮುಂದೆ ರೇಡಿಯೇಟರ್. ಗ್ರಿಲ್‌ನಿಂದ ಬಂದ ಗಾಳಿ ರೇಡಿಯೇಟರ್ ದಾಟಿ ಒಳಗೆ ಬರುತ್ತದೆ. ಬಂದದ್ದು ಎಲ್ಲಿಂದಾದರೂ ಹೊರಗೆ ಹೋಗಬೇಕು, ಇಲ್ಲದಿದ್ದರೆ ಹೊಸ ಗಾಳಿಗೆ ಜಾಗ ಎಲ್ಲಿ? ಟ್ರೇ ಇದ್ದಾಗ ಗಾಡಿಯ ಅಡಿಯಲ್ಲಿ ಗಾಳಿ ಅಡ್ಡಿಯಿಲ್ಲದೆ ಜೋರಾಗಿ ಹರಿಯುತ್ತದೆ. ಟ್ರೇ ಮುಗಿಯುವ ಹಿಂಬದಿಯ ಅಂಚಿನಲ್ಲಿ ಅದು ಒಳಗಿನ ಬಿಸಿ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಟ್ರೇ ತೆಗೆದರೆ ಅದೇ ಗಾಳಿ ಕೆಳಗಿನಿಂದ ಮೇಲೆ ನುಗ್ಗುತ್ತದೆ. ಆಗ ರೇಡಿಯೇಟರ್ ಹಿಂದೆ ಒತ್ತಡ ಜಾಸ್ತಿಯಾಗಿ, ಅದರ ಮೂಲಕ ಬರುವ ಗಾಳಿಯೇ ಕಡಿಮೆಯಾಗಬಹುದು. ಹೈವೇಯಲ್ಲಿ ತಣ್ಣಗಾಗುವ ಬದಲು ಉಲ್ಟಾ ಆಯಿತು.

ಇನ್ನು ಮಳೆ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗಿಂತ ಜಾಸ್ತಿ ಸುರಿಯುತ್ತದೆ. 66ರ ಹೆದ್ದಾರಿಯಲ್ಲಿ ನಿಂತ ನೀರಿಗೆ 80ರಲ್ಲಿ ನುಗ್ಗಿದರೆ ಆಲ್ಟರ್ನೇಟರ್, ಬೆಲ್ಟ್, ಏಸಿ ಕಂಪ್ರೆಸರ್, ವೈರಿನ ಕನೆಕ್ಟರ್ ಎಲ್ಲಕ್ಕೂ ನೇರ ಸ್ನಾನ. ಬೆಲ್ಟ್ ಒದ್ದೆಯಾಗಿ ಕಿರ್ ಅನ್ನುತ್ತದೆ. ಮುರಕಲ್ಲಿನ ಕೆಂಪು ಕೆಸರು ಹೋಗಿ ಕನೆಕ್ಟರ್ ಸಂದಿಯಲ್ಲಿ ಕೂತರೆ ಆಮೇಲೆ ತೆಗೆಯುವುದು ನಮ್ಮ ಕರ್ಮ. ಮರವಂತೆ ಕಡೆ ಓಡಾಡುವವರಿಗೆ ಅದರ ಮೇಲೆ ಸಮುದ್ರದ ಉಪ್ಪುಗಾಳಿ ಬೇರೆ.

ಹಂಪಿನ ಮಾತು ಅರ್ಧ ಸತ್ಯ. ಟ್ರೇ ತೆಗೆದರೆ ಸ್ವಲ್ಪ ಜಾಗ ಸಿಗುತ್ತದೆ, ನಿಜ. ಆದರೆ ಆಮೇಲೆ ತಾಗುವುದು ಆಯಿಲ್ ಸಂಪ್, ಅಂದರೆ ಇಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲುವ ತೊಟ್ಟಿ. ಪ್ಲಾಸ್ಟಿಕ್ ಗೀರಿದರೆ ಗೀರಲಿ. ಸಂಪ್ ಒಡೆದರೆ ಆಯಿಲ್ ಎಲ್ಲ ರಸ್ತೆಗೆ.

ನಿಜ ಹೇಳಬೇಕಾ? ಆ ಟ್ರೇ ಬಿಚ್ಚದೆ ಆಯಿಲ್ ಇಳಿಸಲು ಆಗುವುದಿಲ್ಲ. ಹತ್ತಾರು ಟಾರ್ಕ್ಸ್ ಸ್ಕ್ರೂ. ಅರ್ಧ ತುಕ್ಕು, ಅರ್ಧ ಕಾಣೆ. ವಾಪಸ್ ಹಾಕಲು ಉದಾಸೀನ ಆದವನಿಗೆ "ಸೆಕೆ" ಒಳ್ಳೆಯ ನೆಪ.

ಇನ್ನೊಬ್ಬರು (ಸುರತ್ಕಲ್‌ನಿಂದ): ಅಣ್ಣ, ಆದರೆ ಪೋರ್ಶೆ ಇಟ್ಟವರು ತೆಗೆಯುತ್ತಾರೆ ಅಂತ ಓದಿದ್ದೇನೆ. ಅವರೇನು ದಡ್ಡರಾ?

ಉತ್ತರ: ಅಲ್ಲ, ಅವರ ಕಥೆ ಬೇರೆ. ನೀವು ಓದಿದ್ದು ಹಳೆಯ 911ರದ್ದು ಇರಬೇಕು. 964, 993 ಅಂತ, 1998ರ ತನಕ ಬಂದ ಗಾಡಿಗಳು. ಅವುಗಳಲ್ಲಿ ಇಂಜಿನ್ ಹಿಂದೆ, ತಣ್ಣಗಾಗುವುದು ಗಾಳಿಯಿಂದಲೇ. ಫ್ಯಾನ್ ಗಾಳಿಯನ್ನು ಸಿಲಿಂಡರ್ ಮೇಲಿಂದ ಕೆಳಕ್ಕೆ ದೂಡುತ್ತದೆ, ಬಿಸಿ ಗಾಳಿ ಅಡಿಯಿಂದ ಹೊರಬೀಳುತ್ತದೆ. ಅಲ್ಲಿ ಟ್ರೇ ಬಂದದ್ದು ಮುಖ್ಯವಾಗಿ ಶಬ್ದ ಕಡಿಮೆ ಮಾಡಲು. ಬಿಸಿ ನಿಲ್ಲುತ್ತದೆ, ಆಯಿಲ್ ಸೋರಿದರೂ ಕಾಣುವುದಿಲ್ಲ ಅಂತ ಕೆಲವರು ತೆಗೆದಿಡುತ್ತಾರೆ. ಅದರಲ್ಲಿ ಅರ್ಥ ಉಂಟು. ಆ ಬುದ್ಧಿವಾದವನ್ನು ರೇಡಿಯೇಟರ್ ಇರುವ ಟಿಟಿಗೆ ತಂದರೆ ಹೊಂದುವುದಿಲ್ಲ.

ಪ್ರಶ್ನೆ ಕೇಳಿದವರು: ಇನ್ನೊಂದು ವಿಷಯ ಹೇಳಲು ಮರೆತೆ. ಉಡುಪಿಯ ಕಲ್ಸಂಕದಲ್ಲಿ ಬ್ಲಾಕ್ ಆಗಿ ನಿಂತರೆ ಏಸಿ ತಂಪು ಕೊಡುವುದಿಲ್ಲ. ಹೊರಟರೆ ಸರಿ. ಸೆಕೆಯ ಮಾತು ನಾನೇ ಗ್ಯಾರೇಜಿನಲ್ಲಿ ಎತ್ತಿದ್ದೆ.

ಉತ್ತರ: ಅಯ್ಯೋ, ಇದನ್ನು ಮೊದಲೇ ಹೇಳಬೇಕಿತ್ತು! ನಿಂತಾಗ ಗಾಳಿ ಎಳೆಯುವುದು ಫ್ಯಾನ್, ಟ್ರೇಗೂ ಅದಕ್ಕೂ ಸಂಬಂಧ ಇಲ್ಲ. ಏಸಿ ಹಾಕಿ ನಿಲ್ಲಿಸಿ ನೋಡಿ, ರೇಡಿಯೇಟರ್ ಫ್ಯಾನ್ ತಿರುಗುತ್ತದಾ? ಸ್ಪೀಡ್ ಏರುತ್ತದಾ? ತಿರುಗಿದರೆ ಕಂಡೆನ್ಸರ್ ನೋಡಿಸಿ, ರೇಡಿಯೇಟರ್ ಮುಂದೆ ಇರುವ ಏಸಿಯ ಜಾಲರಿ ಅದು. ಅದಕ್ಕೂ ರೇಡಿಯೇಟರ್‌ಗೂ ನಡುವೆ ಧೂಳು, ಎಲೆ ತುಂಬಿರುತ್ತದೆ. ನೀರು ಹಾಕಿ ತೊಳೆಯಬಹುದು, ಪ್ರೆಶರ್ ಜೋರು ಬೇಡ, ಅದರ ತೆಳು ತಗಡಿನ ಫಿನ್ ಬಗ್ಗುತ್ತದೆ. ಆಮೇಲೂ ಹಾಗೇ ಇದ್ದರೆ ಗ್ಯಾಸ್ ಚೆಕ್ ಮಾಡಿಸಿ.

ಮತ್ತೆ ಟೆಂಪರೇಚರ್ ಮುಳ್ಳು 90ರಲ್ಲಿ ಉಂಟು ಅಂತ ಪೂರ್ತಿ ನಂಬಬೇಡಿ. ಸ್ವಲ್ಪ ಹೆಚ್ಚುಕಮ್ಮಿ ಆದರೂ ಅದು ಅಲ್ಲಿಂದ ಅಲುಗದ ಹಾಗೆ ಮಾಡಿರುತ್ತಾರೆ. ಗಾಡಿಯ ಕಂಪ್ಯೂಟರ್‌ಗೆ ಸ್ಕ್ಯಾನರ್ ಹಾಕಿದರೆ ಸರಿಯಾದ ಲೆಕ್ಕ ಸಿಗುತ್ತದೆ.

ಸುರತ್ಕಲ್‌ನವರು: ಟ್ರೇ ಬದಲು ಕಬ್ಬಿಣದ ಗಾರ್ಡ್ ಹಾಕಿಸಿದರೆ?

ಉತ್ತರ: ನಾನಾದರೆ ಹಾಕುವುದಿಲ್ಲ. ಭಾರ, ಗಾಳಿ ಹೋಗುವ ಕಿಂಡಿ ಸರಿ ಇರುವುದಿಲ್ಲ, ಇರುವ ಚೂರು ಎತ್ತರವೂ ಹೋಯಿತು. ಅದು ಜೀಪಿಗೆ ಇರಲಿ.

ಪ್ರಶ್ನೆ ಕೇಳಿದವರು: ಫೋನ್ ಮಾಡಿದೆ. ಟ್ರೇ ಅವರ ಶೆಡ್‌ನಲ್ಲೇ ಉಂಟಂತೆ. ಒಂದು ಮೂಲೆ ಒಡೆದಿದೆ, ನಾಲ್ಕು ಸ್ಕ್ರೂ ಇಲ್ಲ. ಸದ್ಯಕ್ಕೆ ಕೇಬಲ್ ಟೈ ಕಟ್ಟಿ ಕೊಡುತ್ತೇವೆ ಎನ್ನುತ್ತಾರೆ.

ಉತ್ತರ: ಅದು ಬೇಡ. ಸಡಿಲ ಟ್ರೇಗಿಂತ ಟ್ರೇ ಇಲ್ಲದಿರುವುದೇ ವಾಸಿ. ಸ್ಪೀಡಿನಲ್ಲಿ ಗಾಳಿ ಹೊಕ್ಕು ಕಿತ್ತು ಬಂದರೆ ಚಕ್ರದ ಅಡಿಗೆ ಹೋಗುತ್ತದೆ. ಟ್ರೇ ಮನೆಗೆ ತನ್ನಿ. ಒಳಗಿನ ಸ್ಪಂಜ್‌ನಂಥ ಪದರಕ್ಕೆ ಆಯಿಲ್ ಹಿಡಿದಿದ್ದರೆ ಅದನ್ನು ಕಿತ್ತು ಹಾಕಿ, ಬಿಸಿ ಪೈಪಿನ ಹತ್ತಿರ ಅದು ಬೆಂಕಿಗೆ ದಾರಿ. ಅಲ್ಲಿ ಇಲಿ ಗೂಡು ಕಟ್ಟಿದೆಯಾ ಅಂತಲೂ ನೋಡಿ, ನನಗೆ ಒಮ್ಮೆ ಒಣಗಿದ ತೆಂಗಿನ ಸಿಪ್ಪೆ ಹಿಡಿ ತುಂಬಾ ಸಿಕ್ಕಿತ್ತು. ಒಡೆದ ಮೂಲೆಗೆ ಒಳಗಿನಿಂದ ಅಲ್ಯೂಮಿನಿಯಂ ಪಟ್ಟಿ ರಿವೆಟ್ ಹೊಡೆಸಿ. ಸ್ಕ್ರೂ ಅದೇ ಅಳತೆಯದ್ದು ತರಿಸಿ, ಅಗಲ ವಾಷರ್ ಹಾಕಿ. ಉದ್ದ ಜಾಸ್ತಿಯಾದರೆ ಒಳಗೆ ಬೇರೇನಕ್ಕಾದರೂ ತಾಗುತ್ತದೆ. ಅಲ್ಲಿಯವರೆಗೆ ನಿಧಾನ ಓಡಿಸಿ, ನೀರು ನಿಂತ ಕಡೆ ಹೋಗಬೇಡಿ. ಜೂನ್ ಮೊದಲು ಆಗಲಿ.